ಎರಡು ಊರು, ಎರಡು ಹುಳು

ಮಕ್ಕಳೇ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ರಸ್ತೆಯಲ್ಲಿ ಮೊದಲು ರಾಮನಗರ, ಅಲ್ಲಿಂದ ಸುಮಾರು 12 ಕಿಲೋಮೀಟರಿಗೆ ಚನ್ನಪಟ್ಟಣ. ನೆರೆಹೊರೆಯ ಊರುಗಳಾದರೂ ಬದುಕು ಬೇರೆ ಬೇರೆ.

ರಾಮನಗರದಲ್ಲಿ ಅರ್ಕಾವತಿ ನದಿ, ಸುತ್ತಲೂ ಬಂಡೆಬೆಟ್ಟಗಳು. ‘ಶೋಲೆ’ ಸಿನಿಮಾದ ಗಬ್ಬರ್ ಸಿಂಗ್ ಇಲ್ಲೇ ಅಬ್ಬರಿಸಿದ್ದು. ತಾತನನ್ನು ಕೇಳಿ, ಹೇಳುತ್ತಾರೆ! ಊರಿನ ಜೀವ ಮಾತ್ರ ರೇಷ್ಮೆಗೂಡಿನ ಮಾರುಕಟ್ಟೆ. ಕನಕಪುರ, ಮಾಗಡಿ ಕಡೆಯ ರೈತರೂ ಗೂಡು ತರುತ್ತಾರೆ. ಅವರಿಗೆ ಕಾಯುವಂತಿಲ್ಲ. ತಡವಾದರೆ ಒಳಗಿನ ಹುಳು ಪತಂಗವಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ಆಮೇಲೆ ಉದ್ದನೆಯ ಎಳೆ ಸಿಗದು. ಸುಮಾರು ಒಂದು ತಿಂಗಳ ದುಡಿಮೆ ಆ ದಿನದ ಹರಾಜಿನ ಬೆಲೆಯ ಮೇಲೆ ನಿಂತಿರುತ್ತದೆ.

ಚನ್ನಪಟ್ಟಣ ಗೊಂಬೆಗಳ ಊರು. ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಬಂದ ಕಲೆ ಎನ್ನುತ್ತಾರೆ. ಲೇತ್ ಯಂತ್ರದಲ್ಲಿ ಗಿರಗಿರ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಥಳಥಳ!

ನನಗೆ ಸೋಜಿಗವೆನಿಸುವುದು ಇದು: ಅರಗನ್ನು ಕೊಡುವುದೂ ಒಂದು ಪುಟ್ಟ ಹುಳುವೇ. ಒಂದು ಊರಿಗೆ ರೇಷ್ಮೆಹುಳು ಅನ್ನ ಕೊಟ್ಟರೆ, ಇನ್ನೊಂದಕ್ಕೆ ಅರಗಿನ ಹುಳು ಬಣ್ಣ ಕೊಟ್ಟಿದೆ.

ಗೊಂಬೆ ಗೂಡಿನಂತೆ ಕೆಡುವುದಿಲ್ಲ, ಕಾಯುತ್ತದೆ. ಅದನ್ನು ಮಾಡಿದವರ ಹೊಟ್ಟೆ ಕಾಯುವುದಿಲ್ಲವಲ್ಲ! ಭೌಗೋಳಿಕ ಗುರುತು ಸಿಕ್ಕಿ ಹೆಸರಿಗೆ ರಕ್ಷಣೆ ಬಂದಿದೆ. ಆದರೂ ಎದುರಿಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ರಾಶಿ. ಅಜ್ಜ ಅಜ್ಜಿಯರೇ, ಮುಂದಿನ ಹುಟ್ಟುಹಬ್ಬಕ್ಕೆ ಮೊಮ್ಮಕ್ಕಳ ಕೈಗೆ ಒಂದು ಮರದ ಬುಗುರಿ ಕೊಡಿ. ಆಡಿಸುವುದನ್ನೂ ನೀವೇ ಕಲಿಸಿ.