ನಮಗೆ ಮಾತ್ರ ಯಾಕೆ ಆರು ತಿಂಗಳ ಸರ್ಟಿಫಿಕೇಟು?



ಕಳೆದ ಭಾನುವಾರ ಶಿಡ್ಲಘಟ್ಟದಲ್ಲಿ ಸಭೆ ಮುಗಿದ ಮೇಲೆ ಒಬ್ಬ ಹುಡುಗಿ ಬಂದಳು. ಬಿ.ಎ. ಮುಗಿಸಿದಾಳೆ. ಅವಳಮ್ಮ ನೂಲು ಬಿಚ್ಚಾಣಿಕೆ ಘಟಕದಲ್ಲಿ ಬಿಸಿನೀರಲ್ಲಿ ಕೈ ಬೇಯಿಸ್ಕೊಂಡು ಓದಿಸಿದಾಳೆ. "ಅಣ್ಣಾ, ಕೆಲಸಕ್ಕೆ ಹೋಗ್ತಾನೇ ಓದಬೇಕು. ಆರು ತಿಂಗಳ ಸರ್ಟಿಫಿಕೇಟ್ ಮಾಡ್ಲಾ, ದೂರಶಿಕ್ಷಣದಲ್ಲಿ ಎಂ.ಎ. ಕಟ್ಲಾ? ಎರಡಕ್ಕೂ ದುಡ್ಡಿಲ್ಲ."

"ಸರ್ಟಿಫಿಕೇಟ್ ಮಾಡಮ್ಮ, ಬೇಗ ಮುಗಿಯುತ್ತೆ" ಅಂದುಬಿಟ್ಟೆ.

ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಾಯಿಸಿ ಗೌರಿಬಿದನೂರಿಗೆ ಬರೋವರೆಗೂ ಆ ಮಾತು ನನ್ನನ್ನೇ ಚುಚ್ಚಿತು. ಯಾಕಂದ್ರೆ ನಾನು ಗುಮಾಸ್ತನಾಗಿ ಸೇರಿದಾಗ ಮೇಲಿನವರೊಬ್ಬರು ನನಗೆ ಹೇಳಿದ್ದೂ ಇದೇ. "ನಿಮಗ್ಯಾಕ್ರೀ ಎಂ.ಎ.? ಒಂದು ಕಂಪ್ಯೂಟರ್ ಸರ್ಟಿಫಿಕೇಟ್ ಸಾಕು." ನಾನು ಅದನ್ನೇ ಮಾಡಿದೆ. ಅದೇ ವರ್ಷ ಅವರು ಮಗನನ್ನ ಎಂ.ಎಸ್ಸಿ.ಗೆ ಸೇರಿಸಿದರು. ಆ ಸರ್ಟಿಫಿಕೇಟ್ ಇವತ್ತು ಟ್ರಂಕಿನಲ್ಲಿದೆ.

ಕೈಕೆಲಸ ಕಲಿಯೋದು ಕೀಳಲ್ಲ. ಆದರೆ "ಬೇಗ ಮುಗಿಸು, ಬೇಗ ದುಡಿ" ಅನ್ನೋ ಬುದ್ಧಿವಾದ ನಮ್ಮ ಕೇರಿಗೇ ಯಾಕೆ ಬರುತ್ತೆ? ಎನ್‌ಇಪಿಯಲ್ಲೂ ಇದೇ ಇತ್ತು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ. ಮಧ್ಯದಲ್ಲಿ ಬಿಡೋರು ಯಾರ ಮನೆ ಮಕ್ಕಳು ಅಂತ ಹೇಳಬೇಕಾ? ನಮ್ಮ ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂತು. ಆದರೆ ಆ ಬುದ್ಧಿ ನಮ್ಮ ತಲೆಯಲ್ಲೇ ಉಳಿದುಬಿಟ್ಟಿದೆ.

ಲೆಕ್ಕ ನೋಡಿ. ಕೆ-ಸೆಟ್ ಬರೆಯೋಕೆ ಸ್ನಾತಕೋತ್ತರ ಪದವಿ ಬೇಕು, ನಮಗೆ ಶೇ. 50 ಅಂಕ. ಪಿಯು ಉಪನ್ಯಾಸಕ ಹುದ್ದೆಗೂ ಅದೇ ಪದವಿ ಬೇಕು. ಹತ್ತು ಸರ್ಟಿಫಿಕೇಟ್ ಜೋಡಿಸಿದರೂ ಆ ಬಾಗಿಲು ತೆರೆಯಲ್ಲ. ಮೀಸಲಾತಿ ಹುದ್ದೆ ಇದ್ದು ಅರ್ಹತೆಯ ಪದವಿ ಇಲ್ಲದಿದ್ದರೆ "ಅರ್ಹರು ಸಿಗಲಿಲ್ಲ" ಅಂತ ಬರೆಯೋಕೆ ಪೆನ್ನು ಹಿಡಿದು ಕೂತಿರ್ತಾರೆ.

"ಎಂ.ಎ. ಮಾಡಿದೋರೂ ಖಾಲಿ ಕೂತಿದಾರಲ್ಲ ಅಣ್ಣ" ಅಂತೀರಿ. ನಿಜ. ಸರ್ಟಿಫಿಕೇಟ್ ಮಾಡಿದೋರೂ ಕೂತಿದಾರೆ. ಒಬ್ಬರು ಅರ್ಜಿ ಹಾಕಬಹುದು, ಇನ್ನೊಬ್ಬರು ಹಾಕೋಕೇ ಆಗಲ್ಲ. ವ್ಯತ್ಯಾಸ ಅಷ್ಟೇ, ಆದರೆ ಸಣ್ಣದಲ್ಲ.

ಒಂದು ಎಚ್ಚರಿಕೆ. ಬೋರ್ಡ್ ನೋಡಿ ಫೀಸ್ ಕಟ್ಟಬೇಡಿ. 2015ರಲ್ಲಿ ಯುಜಿಸಿ, ಮೈಸೂರಿನ ಮುಕ್ತ ವಿವಿಗೆ 2012-13ರ ನಂತರ ಮಾನ್ಯತೆ ಇಲ್ಲ ಅಂದಾಗ ಓದಿದವರೆಲ್ಲ ಬೀದಿಗೆ ಬಂದರು. ಮಾನ್ಯತೆ ಮರಳಿದ್ದು 2018ರಲ್ಲಿ. ಹಾಗಾಗಿ ಸೇರೋ ಮುಂಚೆ, ಆ ವರ್ಷಕ್ಕೆ, ಆ ಕೋರ್ಸ್‌ಗೇ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ಪಟ್ಟಿಯಲ್ಲಿ ನೋಡಿ. ಮಾನ್ಯತೆ ಇರೋ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾರಾದರೂ ಮೂಗು ಮುರಿದರೆ ಅದನ್ನ ಮುಖಕ್ಕೆ ಹಿಡೀರಿ.

ಹಾಗಾದರೆ ಸರ್ಟಿಫಿಕೇಟ್ ಬೇಡವಾ? ಬೇಕು, ಹೋರಾಟಕ್ಕೆ ಬೇಕು. 2000ದ ಮಾರ್ಚಲ್ಲಿ ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಎಫ್‌ಐಆರ್, ಚಾರ್ಜ್‌ಶೀಟ್ ಓದಿ ಅರ್ಥ ಮಾಡಿಕೊಳ್ಳೋರು ಪ್ರತಿ ಕೇರಿಯಲ್ಲೂ ಬೇಕು. ಇಗ್ನೋದ ಮಾನವ ಹಕ್ಕುಗಳ ಸರ್ಟಿಫಿಕೇಟ್ ಆರು ತಿಂಗಳದ್ದು, ಪಿಯುಸಿ ಆಗಿದ್ದರೆ ಸಾಕು. ನನ್ನಂಥ ನಲವತ್ತು ದಾಟಿದೋರು ಅದನ್ನ ಮಾಡೋಣ. ಇಪ್ಪತ್ತೆರಡರ ಹುಡುಗಿಗೆ ಅದೇ ಕೊನೆ ಅನ್ನಬೇಡಿ.

ಬಾಬಾಸಾಹೇಬರು 1915ರಲ್ಲೇ ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ ಓದು ಅರ್ಧಕ್ಕೆ ನಿಂತಿತು. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಲ್ಲಿ ಪಾಠ ಮಾಡಿ, ದುಡ್ಡು ಉಳಿಸಿ, ಶಾಹು ಮಹಾರಾಜರ ನೆರವೂ ಪಡೆದು 1920ರಲ್ಲಿ ವಾಪಸ್ ಹೋದರು. 1923ರಲ್ಲಿ ಡಿ.ಎಸ್ಸಿ. ತಗೊಂಡರು. ದುಡೀತಾ ಓದೋದು ಅಂದ್ರೆ ಇದು. ಇದ್ದಷ್ಟಕ್ಕೇ ಸಾಕು ಅಂದಿದ್ದರೆ?

ತಂಗೀ, ಈ ಪೋಸ್ಟ್ ಓದ್ತಿದ್ರೆ, ನಾನು ತಪ್ಪು ಹೇಳಿದೆ. ಎಂ.ಎ. ಕಟ್ಟು. ಮೊದಲ ಕಂತು ನಂದು. ಉಳಿದದ್ದಕ್ಕೆ, ಸಂಬಳ ಬರೋ ನೌಕರ ಬಂಧುಗಳೇ, ನಿಮ್ಮನ್ನೇ ಕೇಳ್ತಿದೀನಿ. ಏಪ್ರಿಲ್ 14ಕ್ಕೆ ಫ್ಲೆಕ್ಸ್ ಕಟ್ಟಿಸೋ ದುಡ್ಡಲ್ಲಿ ಈ ಸಲ ಒಬ್ಬೊಬ್ಬರ ಫೀಸ್ ಕಟ್ಟೋಣ. ಫ್ಲೆಕ್ಸ್ ಮಳೆಗೆ ಹರಿಯುತ್ತೆ, ಪದವಿ ಹರಿಯಲ್ಲ.

ಜೈ ಭೀಮ್.