ಸಂಬಳ ಜಪ್ತಿ: ಕಾನೂನಿನ ಲೆಕ್ಕಕ್ಕೆ ಸಿಗದ ಕುಟುಂಬ

ತಿಂಗಳಿಗೆ 31 ಸಾವಿರ ರೂಪಾಯಿ ಸಂಬಳ ಪಡೆಯುವ ಇಬ್ಬರು ನೌಕರರಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬ ಅವಿವಾಹಿತ. ಮತ್ತೊಬ್ಬನ ಮೇಲೆ ವೃದ್ಧ ತಂದೆ-ತಾಯಿ, ಪತ್ನಿ ಹಾಗೂ ಇಬ್ಬರು ಮಕ್ಕಳ ಹೊಣೆ. ಬೇರೊಬ್ಬರ ಸಾಲಕ್ಕೆ ಜಾಮೀನು ನಿಂತ ಇಬ್ಬರ ವಿರುದ್ಧವೂ ನ್ಯಾಯಾಲಯದ ಡಿಕ್ರಿಯಾಗಿದೆ. ಇಬ್ಬರ ಸಂಬಳದಿಂದಲೂ ಪ್ರತಿ ತಿಂಗಳು ಜಪ್ತಿಯಾಗಬಹುದಾದ ಮೊತ್ತ ಒಂದೇ: 10 ಸಾವಿರ ರೂಪಾಯಿ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಲೆಕ್ಕವಿದು. ಸಂಬಳದ ಮೊದಲ ಒಂದು ಸಾವಿರ ರೂಪಾಯಿ ಹಾಗೂ ಉಳಿದದ್ದರ ಮೂರನೇ ಎರಡು ಭಾಗವನ್ನು ಸಾಲ ನೀಡಿದವರು ಮುಟ್ಟುವಂತಿಲ್ಲ. ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಈ ಸೂತ್ರ ಕೇಳುವುದೇ ಇಲ್ಲ.

ಒಂದು ಸಾವಿರದ ಈ ಮಿತಿಯೂ ಹಳೆಯದು. 1999ರ ತಿದ್ದುಪಡಿ 400 ರೂಪಾಯಿಯನ್ನು ಸಾವಿರಕ್ಕೆ ಏರಿಸಿತು. ಅದು 2002ರ ಜುಲೈ 1ರಂದು ಜಾರಿಗೆ ಬಂತು. ಅಂದಿನಿಂದ ಬೆಲೆಗಳು ಏರಿದವು, ಮಿತಿ ಮಾತ್ರ ಕದಲಲಿಲ್ಲ.

ಕಾನೂನು ಪೂರ್ತಿ ನಿರ್ದಯವಾಗಿದೆ ಎನ್ನುವಂತಿಲ್ಲ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಪ್ತಿಯಾದ ಬಳಿಕ ಅದೇ ಡಿಕ್ರಿಗಾಗಿ ಮತ್ತೆ ಸಂಬಳ ಹಿಡಿಯುವಂತಿಲ್ಲ. ಈ ರಕ್ಷಣೆಯನ್ನು ಬಿಟ್ಟುಕೊಡುವುದಾಗಿ ಬರೆಸಿಕೊಂಡ ಕರಾರು ಅಸಿಂಧು. ಆದರೆ ಸಾಲಗಾರನೇ ಒಪ್ಪಿ ಬ್ಯಾಂಕ್ ಖಾತೆಯಿಂದ ಕಡಿತವಾಗುವ ಮಾಸಿಕ ಕಂತು ನ್ಯಾಯಾಲಯದ ಜಪ್ತಿಯಲ್ಲ. ಅದಕ್ಕೆ ಈ ಮಿತಿ ತಾಗದು. ಹೀಗಾಗಿ ಕಂತು ಮತ್ತು ಜಪ್ತಿ ಎರಡೂ ಒಟ್ಟಿಗೆ ಬಿದ್ದಾಗ ಕೈಗೆ ಸಿಗುವುದು ಅತ್ಯಲ್ಪ.

ಜೀವನಾಂಶದ ಡಿಕ್ರಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ರಕ್ಷಣೆ ಇರುವುದು ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ. ಹೆಂಡತಿ-ಮಕ್ಕಳ ಹಕ್ಕನ್ನು ಸಾಲಕ್ಕಿಂತ ಮೇಲಿಟ್ಟಿರುವುದು ನ್ಯಾಯವೇ. ಜೀವನಾಂಶದ ಮೊತ್ತ ನಿಗದಿ ಮಾಡುವಾಗ ಪತಿಯನ್ನು ಅವಲಂಬಿಸಿದ ಇತರರನ್ನೂ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೀಶ್-ನೇಹಾ ಪ್ರಕರಣದಲ್ಲಿ ಹೇಳಿದೆ. ಪತ್ನಿಯ ಎದುರು ಲೆಕ್ಕಕ್ಕೆ ಬರುವ ಅವಲಂಬಿತರು, ಸಾಲ ನೀಡಿದವನ ಎದುರು ಲೆಕ್ಕಕ್ಕೆ ಬಾರದಿರುವುದು ಯಾವ ತರ್ಕ?

ಬೇರೆಡೆ ಉತ್ತರ ಸಿಕ್ಕಿದೆ. ಜರ್ಮನಿಯಲ್ಲಿ ಪೋಷಿಸಬೇಕಾದವರ ಸಂಖ್ಯೆ ಹೆಚ್ಚಿದಂತೆ ರಕ್ಷಿತ ವೇತನವೂ ಏರುತ್ತದೆ. ಮಿತಿಯನ್ನು ಪ್ರತಿವರ್ಷ ಜುಲೈ 1ರಂದು ಪರಿಷ್ಕರಿಸಲಾಗುತ್ತದೆ. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಮಗುವಿನ ಅಥವಾ ಬೇರೆ ಅವಲಂಬಿತರ ಪೋಷಣೆಯ ಅರ್ಧಕ್ಕಿಂತ ಹೆಚ್ಚು ಹೊಣೆ ಹೊತ್ತವರನ್ನು ಕುಟುಂಬದ ಯಜಮಾನರೆಂದು ಪರಿಗಣಿಸಿ, ಕಡಿತಗಳ ನಂತರ ವಾರಕ್ಕೆ 750 ಡಾಲರ್‌ವರೆಗಿನ ಗಳಿಕೆಯನ್ನು ಸಾಮಾನ್ಯ ಸಾಲಗಳ ಜಪ್ತಿಯಿಂದ ಪೂರ್ತಿ ಹೊರಗಿಡಲಾಗಿದೆ.

ಸಾಲ ನೀಡಿದವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರಕ್ಷಣೆ ಹೆಚ್ಚಿದಷ್ಟೂ ವಸೂಲಿ ತಗ್ಗುತ್ತದೆ. 24 ತಿಂಗಳ ಮಿತಿಯಿಂದ ಅವರ ಕೈ ಈಗಲೇ ಕಟ್ಟಿದೆ. ಸುಳ್ಳು ಅವಲಂಬಿತರನ್ನು ತೋರಿಸುವ ಅಪಾಯವೂ ಉಂಟು. ಇದಕ್ಕೆ ಪರಿಹಾರ ಅಸಾಧ್ಯವಲ್ಲ. ಪಡಿತರ ಚೀಟಿ ಮತ್ತು ನೌಕರಿಯ ದಾಖಲೆಗಳಿಂದ ಕುಟುಂಬವನ್ನು ಖಚಿತಪಡಿಸಿಕೊಳ್ಳಬಹುದು. ಅವಲಂಬಿತರಿಗಾಗಿ ಜಪ್ತಿ ಮೊತ್ತ ತಗ್ಗಿಸಿದಾಗ ಅವಧಿಯನ್ನು ಅದಕ್ಕೆ ತಕ್ಕಂತೆ ವಿಸ್ತರಿಸಿದರೆ ಸಾಲ ಕೊಟ್ಟವನಿಗೂ ನಷ್ಟವಾಗದು.

ಡಿಕ್ರಿ ಇರುವುದು ದುಡಿಯುವವನ ಹೆಸರಿನಲ್ಲಿ. ಅದರ ಬಿಸಿ ತಟ್ಟುವುದು ಸಹಿ ಹಾಕದ ಮಕ್ಕಳಿಗೆ, ಮುಪ್ಪಿನ ತಂದೆ-ತಾಯಿಗೆ. ಸಂಸತ್ತು 60ನೇ ಕಲಮನ್ನು ಮುಂದೆ ತಿದ್ದುವಾಗ ಸಾವಿರ ರೂಪಾಯಿಯ ಅಂಕಿಯನ್ನಷ್ಟೇ ಬದಲಿಸಿದರೆ ಸಾಲದು, ಮನೆಮಂದಿಯನ್ನೂ ಎಣಿಸಬೇಕು.