ಇರಬಾರದ ಜಾಗದಲ್ಲಿ ಎಲುಬು: ಹೊಸ ಔಷಧಿ ಇನ್ನೂ ದೂರ, ಎಚ್ಚರಿಕೆ ಈಗಲೇ ಬೇಕು

ಬೆಂಗಳೂರಿನ ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ಪಾದಚಾರಿಗಳಿಗಾಗಿ ಹೊಸದಾಗಿ ಕಟ್ಟುವ ಕೆಲಸ 2022ರಲ್ಲಿ ಆರಂಭವಾದಾಗ ವ್ಯಾಪಾರ, ಪಾರ್ಕಿಂಗ್ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಕಾಲುದಾರಿ ಅಗಲವಾದರೆ ಗಾಲಿಕುರ್ಚಿಯವರಿಗೂ ಅನುಕೂಲವೇ. ಆದರೆ ಬೆನ್ನುಹುರಿಗೆ ಪೆಟ್ಟಾದ ಕೆಲವರಿಗೆ ಗಾಲಿಕುರ್ಚಿಯಲ್ಲಿ ಕೂರಲೂ ಆಗುವುದಿಲ್ಲ. ಸೊಂಟದ ಕೀಲಿನ ಸುತ್ತ, ಮಾಂಸದ ನಡುವೆ ಹೊಸ ಎಲುಬು ಬೆಳೆದು ಕೀಲನ್ನೇ ಬಿಗಿದುಬಿಡುತ್ತದೆ.

ಇದು ಹೊಸ ಕಾಯಿಲೆಯಲ್ಲ. ಮೊದಲ ಮಹಾಯುದ್ಧದ ಗಾಯಾಳುಗಳಲ್ಲಿ ಇದನ್ನು ಕಂಡ ಫ್ರಾನ್ಸಿನ ವೈದ್ಯೆ ಆಗಸ್ಟಾ ದೆಜೆರಿನ್ 1918ರಲ್ಲೇ ಸಹೋದ್ಯೋಗಿಯೊಂದಿಗೆ ಇದರ ಬಗ್ಗೆ ಬರೆದಿದ್ದರು.

ಈಗ ಹೊಸ ಔಷಧಿಗಳ ಸುದ್ದಿ ಬರುತ್ತಿದೆ. ಪಾಲೊವರೊಟೀನ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು ನಿಜ. ಆದರೆ ಅದು ಹುಟ್ಟಿನಿಂದಲೇ ಬರುವ, ಮೈಯೆಲ್ಲ ಎಲುಬಾಗುವ ಅಪರೂಪದ ಕಾಯಿಲೆಗೆ ಮಾತ್ರ. ರಕ್ತದ ಕಾಯಿಲೆಗೆ ಕೊಡುವ ರುಕ್ಸೊಲಿಟಿನಿಬ್ ಬೆನ್ನುಹುರಿ ಗಾಯಗೊಂಡ ಇಲಿಗಳಲ್ಲಿ ಇಂಥ ಎಲುಬನ್ನು ಕಡಿಮೆ ಮಾಡಿತೆಂದು 2019ರಲ್ಲಿ ವರದಿಯಾಯಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದ ನರಳುವವರಿಗೆ ಕೊಡುವುದು ಸುಲಭದ ತೀರ್ಮಾನವೂ ಅಲ್ಲ.

ಸದ್ಯಕ್ಕೆ ಇರುವುದು ಹಳೆಯ ದಾರಿಗಳೇ: ಆರಂಭದಲ್ಲಿ ಇಂಡೊಮೆಥಸಿನ್‌ನಂಥ ಮಾತ್ರೆ, ಕೆಲವೊಮ್ಮೆ ವಿಕಿರಣ, ಎಲುಬು ಬಲಿತ ಮೇಲೆ ಶಸ್ತ್ರಕ್ರಿಯೆ. ಈ ಶಸ್ತ್ರಕ್ರಿಯೆಯಲ್ಲಿ ರಕ್ತಸ್ರಾವ ಹೆಚ್ಚು, ಎಲುಬು ಮತ್ತೆ ಬೆಳೆಯುವುದೂ ಉಂಟು. ಆದ್ದರಿಂದ ಬೇಗ ಗುರುತಿಸುವುದೇ ಮುಖ್ಯ.

ಇಲ್ಲಿ ನಮ್ಮ ಧರ್ಮಕೇಂದ್ರಗಳಿಗೆ ಕೆಲಸವಿದೆ. ಬೆಂಗಳೂರಿನಲ್ಲಿ ಬೈಕ್ ಅಪಘಾತವಾದ ಹುಡುಗ ಆಸ್ಪತ್ರೆಯಿಂದ ಊರಿಗೆ ಬರುವ ಹೊತ್ತಿಗೇ, ಅಂದರೆ ಗಾಯವಾದ ಸುಮಾರು 3ರಿಂದ 12 ವಾರಗಳಲ್ಲಿ, ಈ ತೊಂದರೆ ಹೆಚ್ಚಾಗಿ ತಲೆಯೆತ್ತುತ್ತದೆ. ತೊಡೆ, ಸೊಂಟ ಊದಿ ಬಿಸಿಯಾಗುತ್ತದೆ, ಜ್ವರವೂ ಬರಬಹುದು. ನೋವು ತಿಳಿಯದ ಕಾರಣ ಹುಡುಗ ಹೇಳುವುದಿಲ್ಲ. ಮನೆಯವರು ಪ್ರೀತಿಯಿಂದಲೇ ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಬಿಗಿದ ಕಾಲನ್ನು ಒತ್ತಿ ಮಡಚುತ್ತಾರೆ. ಅದು ಬೇಡ. ಬಲವಂತದಿಂದ ಸ್ನಾಯು ಹರಿದು ತೊಂದರೆ ಹೆಚ್ಚಬಹುದು. ಊತ ರಕ್ತ ಹೆಪ್ಪುಗಟ್ಟಿದ್ದರಿಂದಲೂ ಬಂದಿರಬಹುದು. ಆಗ ತಿಕ್ಕುವುದು ಪ್ರಾಣಕ್ಕೇ ಅಪಾಯ. ಅಂದೇ ವೈದ್ಯರಿಗೆ ತೋರಿಸಬೇಕು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಸುಮ್ಮನಾಗಬಾರದು. ಎಲುಬಿನ ಸ್ಕ್ಯಾನ್‌ನಲ್ಲಿ ಇದು ಮೊದಲೇ ತಿಳಿಯುತ್ತದೆ.

ರೋಗಿಗಳ ಭೇಟಿಗೆ ಹೋಗುವ ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಪ್ರಾರ್ಥನೆ ಮುಗಿಸಿ ಏಳುವ ಮುನ್ನ ಮನೆಯವರನ್ನು ಒಂದು ಮಾತು ಕೇಳಲಿ: ಎರಡೂ ತೊಡೆ ಒಂದೇ ಗಾತ್ರ ಇವೆಯೇ, ಹೋದ ವಾರದಷ್ಟೇ ಕಾಲು ಮಡಚುತ್ತದೆಯೇ?